ಊಟ, ವಸತಿ, ವಿದ್ಯೆ: ಕನ್ನಡ ಆತ್ಮಕಥನಗಳಲ್ಲಿ ವಿಶ್ವವಿದ್ಯಾಲಯದ ಆಯ್ಕೆ ಮತ್ತು ವಿದ್ಯಾರ್ಥಿಜೀವನ

ಕನ್ನಡ ಆತ್ಮಕಥನಗಳನ್ನು ಕುರಿತ ವಿಮರ್ಶೆ ಬಹುಮಟ್ಟಿಗೆ ಬಾಲ್ಯ ಮತ್ತು ಸಾಧನೆ ಎಂಬ ಎರಡು ದಡಗಳ ನಡುವೆ ಓಡಾಡಿದೆ. ಹುಟ್ಟಿದ ಊರು, ತಾಯಿ, ಜಾತಿ, ಹಬ್ಬಹರಿದಿನಗಳು ಒಂದು ದಡ. ಕೃತಿರಚನೆ, ಪ್ರಶಸ್ತಿ, ಸಾರ್ವಜನಿಕ ಬದುಕು ಇನ್ನೊಂದು ದಡ. ಇವೆರಡರ ನಡುವಣ ವಿದ್ಯಾರ್ಥಿದೆಸೆಯ ಅಧ್ಯಾಯಗಳನ್ನು ಮಾಹಿತಿಯ ಆಕರವಾಗಿ ಬಳಸಿಕೊಂಡಿದ್ದೇ ಹೆಚ್ಚು. ಯಾವ ಗುರುವಿನ ಪಾಠ ಕೇಳಿದರು, ಯಾವ ವರ್ಷ ಪದವಿ ಪಡೆದರು, ಮೊದಲ ಕವನ ಯಾವ ಪತ್ರಿಕೆಯಲ್ಲಿ ಬಂತು ಎಂಬ ಪ್ರಶ್ನೆಗಳಿಗೆ ಅಲ್ಲಿಂದ ಉತ್ತರ ಹೆಕ್ಕಲಾಗಿದೆ. ಆ ವಿದ್ಯಾರ್ಥಿ ಆ ಊರಿಗೇ, ಆ ಕಾಲೇಜಿಗೇ ಏಕೆ ಬಂದ, ಬಂದ ಮೊದಲ ರಾತ್ರಿ ಎಲ್ಲಿ ಮಲಗಿದ, ಮರುದಿನ ಎಲ್ಲಿ ಉಂಡ ಎಂಬುದು ‘ಕಷ್ಟಪಟ್ಟು ಓದಿದರು’ ಎಂಬ ಒಂದೇ ವಾಕ್ಯದಲ್ಲಿ ಮುಗಿದುಹೋಗುತ್ತದೆ. ಆತ್ಮಕಥನಕಾರರು ಮಾತ್ರ ಈ ಸಂಗತಿಗಳನ್ನು ಅಷ್ಟು ಬೇಗ ಮುಗಿಸಿಲ್ಲ. ಪುಟಗಟ್ಟಲೆ ಬರೆದಿದ್ದಾರೆ. ಬರೆದವರು ಮುಖ್ಯವೆಂದು ಬಗೆದದ್ದನ್ನು ಓದಿದವರು ಅಮುಖ್ಯವೆಂದು ಬಗೆದ ಈ ವ್ಯತ್ಯಾಸವೇ ವಿಚಾರಾರ್ಹವಾದುದು.

ಇಂದು ವಿಶ್ವವಿದ್ಯಾಲಯದ ಆಯ್ಕೆ ಎಂದೊಡನೆ ಶ್ರೇಯಾಂಕಪಟ್ಟಿ, ಮೌಲ್ಯಾಂಕನ ಸಮಿತಿ ಕೊಟ್ಟ ದರ್ಜೆ, ಪ್ರವೇಶ ಪರೀಕ್ಷೆಯ ನಂತರದ ಸಮಾಲೋಚನೆ ನೆನಪಿಗೆ ಬರುತ್ತವೆ. ಆಯ್ಕೆಯೆಂಬ ಮಾತಿನಲ್ಲಿಯೇ ಹಲವು ಬಾಗಿಲುಗಳು ತೆರೆದಿವೆ ಎಂಬ ಗ್ರಹಿಕೆ ಅಡಗಿದೆ. ಇಪ್ಪತ್ತನೆಯ ಶತಮಾನದ ಕನ್ನಡ ಬರಹಗಾರರ ಆತ್ಮಕಥನಗಳು ಈ ಗ್ರಹಿಕೆಯನ್ನು ಅನುಮಾನದಿಂದ ನೋಡುವಂತೆ ಮಾಡುತ್ತವೆ. ಅಲ್ಲಿ ವಿಶ್ವವಿದ್ಯಾಲಯವನ್ನು ಆರಿಸಿಕೊಳ್ಳುವುದೆಂದರೆ ಬಹುಪಾಲು ಉಣ್ಣುವ ಜಾಗವನ್ನು ಹುಡುಕಿಕೊಳ್ಳುವುದು. ತರಗತಿಗಿಂತ ವಿದ್ಯಾರ್ಥಿನಿಲಯವೇ ಆ ಬರಹಗಳ ಧಾಟಿಯನ್ನು, ಹಲವೊಮ್ಮೆ ಅವುಗಳ ಕಥನರೂಪವನ್ನೂ ನಿರ್ಧರಿಸಿದೆ.

ಮೊದಲಿಗೆ ಭೂಪಟದ ಮಾತು. 1956ರ ಏಕೀಕರಣಕ್ಕೆ ಮುನ್ನ ಕನ್ನಡ ವಿದ್ಯಾರ್ಥಿಯ ವಿಶ್ವವಿದ್ಯಾಲಯವನ್ನು ಅವನಿಗಿಂತ ಮೊದಲು ಆಡಳಿತದ ಗಡಿಗಳು ಆರಿಸಿಬಿಡುತ್ತಿದ್ದವು. ದಕ್ಷಿಣ ಕನ್ನಡದವನಿಗೆ ಮದ್ರಾಸು, ಧಾರವಾಡ–ಬೆಳಗಾವಿಯವನಿಗೆ ಮುಂಬಯಿ, ಕಲಬುರಗಿ–ರಾಯಚೂರಿನವನಿಗೆ 1918ರಲ್ಲಿ ಸ್ಥಾಪನೆಯಾದ ಉಸ್ಮಾನಿಯಾ. ಮೈಸೂರು ಸಂಸ್ಥಾನದ ಕಾಲೇಜುಗಳೂ 1916ರವರೆಗೆ ಮದ್ರಾಸು ವಿಶ್ವವಿದ್ಯಾಲಯಕ್ಕೆ ಸೇರಿದ್ದವು. ಹೀಗಾಗಿ ಒಂದೇ ನುಡಿಯಾಡುವ ನಾಲ್ವರು ವಿದ್ಯಾರ್ಥಿಗಳು ನಾಲ್ಕು ಊರುಗಳ ನಾಲ್ಕು ಬಗೆಯ ವಿದ್ಯಾರ್ಥಿಜೀವನಕ್ಕೆ ಹೋಗಿ ಬೀಳುತ್ತಿದ್ದರು.

ಧಾರವಾಡದ ಕಡೆಯ ಉದಾಹರಣೆ ಇಲ್ಲಿ ಹೆಚ್ಚು ಅರ್ಥಪೂರ್ಣ. ಕರ್ನಾಟಕ ಕಾಲೇಜು ಆರಂಭವಾದದ್ದು 1917ರಲ್ಲಿ. ಅಲ್ಲಿಯವರೆಗೆ ಆ ಭಾಗದವರಿಗೆ ಉನ್ನತ ವಿದ್ಯೆಯೆಂದರೆ ಪುಣೆ ಅಥವಾ ಮುಂಬಯಿ. ಆಲೂರು ವೆಂಕಟರಾಯರು ಪುಣೆಯ ಫರ್ಗ್ಯೂಸನ್ ಕಾಲೇಜಿನಲ್ಲಿ ಓದಿದರು. ಬೇಂದ್ರೆಯವರೂ ಅದೇ ಕಾಲೇಜಿನಲ್ಲಿ ಓದಿ 1918ರಲ್ಲಿ ಬಿ.ಎ. ಪದವಿ ಪಡೆದರು. ತಮ್ಮ ಊರಿನಲ್ಲಿ ಕಾಲೇಜು ತೆರೆಯುವ ಹೊತ್ತಿಗೆ ಅವರ ಓದು ಮುಗಿಯುತ್ತ ಬಂದಿತ್ತು. ಆಲೂರರ ‘ನನ್ನ ಜೀವನ ಸ್ಮೃತಿಗಳು’ ಓದುವವರು ಪುಣೆಯ ದಿನಗಳನ್ನು ತಿಲಕರ ಪ್ರಭಾವದ ದೃಷ್ಟಿಯಿಂದ ಮಾತ್ರ ಓದುವುದು ರೂಢಿ. ಅದರ ಜೊತೆಗೆ ಇನ್ನೊಂದು ಸಂಗತಿಯೂ ಇದೆ. ತನ್ನ ಭಾಷೆಗೆ, ಚರಿತ್ರೆಗೆ ಹೆಮ್ಮೆಯ ನೆಲೆ ಕಟ್ಟಿಕೊಂಡಿದ್ದ ಮರಾಠಿ ಸಮಾಜದ ನಡುವೆ ಕೂತ ಕನ್ನಡ ವಿದ್ಯಾರ್ಥಿಗೆ ತನ್ನದೆಂಬುದು ಕಾಣದಿರುವ ಕೊರತೆ ಅಲ್ಲಿಯೇ ಎದುರಾಯಿತು. ‘ಕರ್ನಾಟಕ ಗತವೈಭವ’ದ ಹಿಂದಿರುವ ಒತ್ತಡವನ್ನು ಹಂಪೆ, ಆನೆಗೊಂದಿಗಳ ಜೊತೆಗೆ ಪುಣೆಯಲ್ಲಿಯೂ ಹುಡುಕಬೇಕು. ಏಕೀಕರಣದ ಮಾತಿನ ಒಂದು ಬೇರು ಪರಊರಿನ ಕಾಲೇಜಿನಲ್ಲಿದೆ ಎಂಬುದು ತಮಾಷೆಯಂತೆ ಕಂಡರೂ ಉತ್ಪ್ರೇಕ್ಷೆಯಲ್ಲ.

ಹೈದರಾಬಾದಿನ ಪ್ರಸಂಗ ಇನ್ನೂ ತೀವ್ರವಾದುದು. ಉಸ್ಮಾನಿಯಾದ ಬೋಧನಾ ಮಾಧ್ಯಮ ಉರ್ದು. ದೇಶಭಾಷೆಯೊಂದರಲ್ಲಿ ಎಲ್ಲ ಜ್ಞಾನಶಾಖೆಗಳನ್ನೂ ಬೋಧಿಸಿದ ಅದರ ಸಾಹಸವನ್ನು ಮೆಚ್ಚುವವರು ಅದೇ ಸಾಹಸ ಕನ್ನಡ, ತೆಲುಗು, ಮರಾಠಿ ವಿದ್ಯಾರ್ಥಿಗಳಿಗೆ ಇನ್ನೊಂದು ಪರಭಾಷೆಯಾಗಿತ್ತು ಎಂಬುದನ್ನು ಮರೆಯಬಾರದು. 1938ರಲ್ಲಿ ವಿದ್ಯಾರ್ಥಿನಿಲಯಗಳಲ್ಲಿ ‘ವಂದೇ ಮಾತರಂ’ ಹಾಡುವುದನ್ನು ನಿಷೇಧಿಸಿದಾಗ ವಿದ್ಯಾರ್ಥಿಗಳು ಮುಷ್ಕರ ಹೂಡಿದರು, ಉಚ್ಚಾಟಿತರಾದರು; ಅವರಲ್ಲಿ ಹಲವರಿಗೆ ನಾಗಪುರ ವಿಶ್ವವಿದ್ಯಾಲಯ ಆಶ್ರಯ ನೀಡಿತು. ಮುಂದೆ ಪ್ರಧಾನಿಯಾದ ಪಿ.ವಿ. ನರಸಿಂಹರಾವ್ ಅವರಲ್ಲೊಬ್ಬರು. ಸಂಘರ್ಷ ಹುಟ್ಟಿದ್ದು ತರಗತಿಯಲ್ಲಲ್ಲ, ಹಾಸ್ಟೆಲಿನ ಪ್ರಾರ್ಥನೆಯಲ್ಲಿ ಎಂಬುದು ಗಮನಾರ್ಹ. ಈ ಸಂಗತಿ ಮುಂದೆ ಬೇರೆ ರೂಪದಲ್ಲಿ ಮತ್ತೆ ಕಾಣಿಸಿಕೊಳ್ಳುತ್ತದೆ.

ಮೈಸೂರಿನ ಕಥೆ ಬೇರೆ. 1916ರ ಜುಲೈ 27ರಂದು ಸ್ಥಾಪನೆಯಾದ ಮೈಸೂರು ವಿಶ್ವವಿದ್ಯಾಲಯಕ್ಕೆ ಆರಂಭದಲ್ಲಿದ್ದುದು ಮುಖ್ಯವಾಗಿ ಎರಡು ಕಾಲೇಜುಗಳು: ಮೈಸೂರಿನ ಮಹಾರಾಜ ಕಾಲೇಜು, ಬೆಂಗಳೂರಿನ ಸೆಂಟ್ರಲ್ ಕಾಲೇಜು. ಮೊದಲ ದಶಕಗಳಲ್ಲಿ ಕಲಾ ವಿಷಯಗಳಿಗೆ ಮೈಸೂರು, ವಿಜ್ಞಾನಕ್ಕೆ ಬೆಂಗಳೂರು ಎಂಬ ಹಂಚಿಕೆಯಿತ್ತು. ಓದುವ ವಿಷಯವನ್ನು ಆರಿಸಿಕೊಂಡರೆ ಊರೂ ಆರಿಸಲ್ಪಟ್ಟಂತೆಯೇ. ಕನ್ನಡದ ನವೋದಯ ಮೈಸೂರಿನ ಸುತ್ತ ಅಷ್ಟು ದಟ್ಟವಾಗಿ ಬೆಳೆಯಲು ಈ ಹಂಚಿಕೆಯೂ ಒಂದು ಕಾರಣ. ಹಾಗೆಂದು ಅದನ್ನೇ ಏಕೈಕ ಕಾರಣವೆನ್ನಲಾಗದು, ಎ.ಆರ್. ಕೃಷ್ಣಶಾಸ್ತ್ರಿಗಳು ‘ಕರ್ನಾಟಕ ಸಂಘ’ವನ್ನು ಕಟ್ಟಿ ‘ಪ್ರಬುದ್ಧ ಕರ್ನಾಟಕ’ವನ್ನು ಹೊರಡಿಸಿದ್ದು ಸೆಂಟ್ರಲ್ ಕಾಲೇಜಿನಲ್ಲಿ, ವಿಜ್ಞಾನದ ವಿದ್ಯಾರ್ಥಿಗಳ ನಡುವೆ.

ಕುವೆಂಪು ಅವರ ‘ನೆನಪಿನ ದೋಣಿಯಲ್ಲಿ’ (1980) ಈ ಮೈಸೂರಿನ ವಿದ್ಯಾರ್ಥಿಜೀವನದ ಬಹುದೊಡ್ಡ ದಾಖಲೆ. ಮಲೆನಾಡಿನ ಹುಡುಗ ಮೈಸೂರಿಗೆ ಬಂದು ಪ್ರೌಢಶಾಲೆ ಓದಿ, ಮಹಾರಾಜ ಕಾಲೇಜು ಸೇರಿ, ಬಿ.ಎ. ಮುಗಿಸಿ, 1929ರಲ್ಲಿ ಕನ್ನಡ ಎಂ.ಎ. ಪಡೆಯುವವರೆಗಿನ ಪುಟಗಳಲ್ಲಿ ಗುರುಗಳ ಚಿತ್ರಗಳೂ ದಿನಚರಿಯ ತುಣುಕುಗಳೂ ಹೆಣೆದುಕೊಂಡಿವೆ. ಆದರೆ ಈ ಕಥನದ ತಿರುವು ತರಗತಿಯಲ್ಲಿ ಸಂಭವಿಸುವುದಿಲ್ಲ. ಸಂತೆಪೇಟೆಯ ಹೋಟೆಲಿನ ಕೊಠಡಿಯಿಂದ ರಾಮಕೃಷ್ಣಾಶ್ರಮಕ್ಕೆ ವಾಸ ಬದಲಾದಾಗ ಸಂಭವಿಸುತ್ತದೆ. ಸ್ವಾಮಿ ಸಿದ್ಧೇಶ್ವರಾನಂದರು ಆತನನ್ನು ಆಶ್ರಮಕ್ಕೆ ಕರೆದುಕೊಂಡದ್ದರಿಂದ ದೇಹಾರೋಗ್ಯಕ್ಕೂ ಬರವಣಿಗೆಗೂ ಒಂದು ಆವರಣ ಸಿಕ್ಕಿತು. ವಾಸದ ಜಾಗ ಬದಲಾದೊಡನೆ ಗದ್ಯದ ಲಯವೂ ಬದಲಾಗುತ್ತದೆ. ಹೋಟೆಲಿನ ದಿನಗಳಲ್ಲಿ ವಿನೋದ, ಗೆಳೆಯರ ಗದ್ದಲ, ಬಿಡಿಬಿಡಿ ಪ್ರಸಂಗಗಳಿದ್ದರೆ ಆಶ್ರಮದ ದಿನಗಳಲ್ಲಿ ಧ್ಯಾನದ ನಿಧಾನವೂ ಸಾತತ್ಯವೂ ಇವೆ. ಈ ವ್ಯತ್ಯಾಸವನ್ನು ಆಧ್ಯಾತ್ಮಿಕ ವಿಕಾಸವೆಂದು ವಿವರಿಸುವುದು ಸುಲಭ. ನೆಮ್ಮದಿಯ ಊಟ ಮತ್ತು ನಿದ್ದೆಗಳ ಪರಿಣಾಮವೆಂದು ವಿವರಿಸಿದರೆ ಅದು ಕವಿಗೆ ಅಗೌರವವೇನೂ ಆಗದು.

ಕನ್ನಡ ಎಂ.ಎ. ಆಯ್ಕೆಯ ಪ್ರಸಂಗವನ್ನೂ ಇದೇ ಬೆಳಕಿನಲ್ಲಿ ನೋಡಬೇಕಾಗುತ್ತದೆ. ಕನ್ನಡ ಸ್ನಾತಕೋತ್ತರ ತರಗತಿ ಆರಂಭವಾದದ್ದೇ 1927ರಲ್ಲಿ. ಕುವೆಂಪು ಮತ್ತು ಡಿ.ಎಲ್. ನರಸಿಂಹಾಚಾರ್ ಮೊದಲ ತಂಡದವರು. ಅಲ್ಲಿಯವರೆಗೆ ಯಾರೂ ಪಡೆಯದ ಪದವಿಗೆ ಮುಂದೆ ಎಂಥ ಜೀವನೋಪಾಯವಿದೆ ಎಂಬುದು ಯಾರಿಗೂ ತಿಳಿಯದ ಸಂಗತಿ. ಟಿ.ಎಸ್. ವೆಂಕಣ್ಣಯ್ಯನವರ ಒತ್ತಾಸೆಯಿಂದ ನಡೆದ ಈ ಆಯ್ಕೆಯನ್ನು ಆತ್ಮಕಥನ ವಿಧಿಯ ಸಂಕಲ್ಪದಂತೆ ನಿರೂಪಿಸುತ್ತದೆ. ‘ಶ್ರೀ ರಾಮಾಯಣ ದರ್ಶನಂ’ ಆ ಗುರುವಿಗೇ ಅರ್ಪಿತವಾಗಿರುವಾಗ, ಹಿಂತಿರುಗಿ ನೋಡುವ ಕಣ್ಣಿಗೆ ಅದು ವಿಧಿಯಾಗಿ ಕಂಡದ್ದು ಸಹಜವೇ. ಆದರೆ ಕಥನದ ಈ ನಿಶ್ಚಿತತೆ 1927ರ ವಿದ್ಯಾರ್ಥಿಯ ಅನಿಶ್ಚಿತತೆಯನ್ನು ಮುಚ್ಚಿಬಿಡುತ್ತದೆ. ಭೂಮಿಯುಳ್ಳ ಮನೆತನದ ಹಿನ್ನೆಲೆ ಆ ಅಪಾಯವನ್ನು ಎದುರಿಸಲು ಎಷ್ಟರಮಟ್ಟಿಗೆ ನೆರವಾಯಿತು ಎಂಬ ಪ್ರಶ್ನೆಯನ್ನು ಪಠ್ಯ ತಾನಾಗಿ ಎತ್ತುವುದಿಲ್ಲ, ಓದುಗನೇ ಎತ್ತಿಕೊಳ್ಳಬೇಕು. ಅದೇ ವಿದ್ಯಾರ್ಥಿ 1956ರಿಂದ 1960ರವರೆಗೆ ಅದೇ ವಿಶ್ವವಿದ್ಯಾಲಯದ ಕುಲಪತಿಯಾಗಿ ಮಾನಸಗಂಗೋತ್ರಿಯ ಆವರಣವನ್ನು ಕಲ್ಪಿಸಿದರು. ಊರಿನ ಗದ್ದಲದಿಂದ ದೂರ, ಕೆರೆಯಂಚಿನ ಮರಗಳ ನಡುವೆ, ಓದು ಮತ್ತು ವಾಸ ಒಂದೆಡೆ ಇರಬೇಕೆಂಬ ಆ ಕಲ್ಪನೆಯಲ್ಲಿ ಮಲೆನಾಡನ್ನು ಕಂಡವರುಂಟು. ಆಶ್ರಮದ ನೆನಪೂ ಅಲ್ಲಿರುವುದು ಸಾಧ್ಯ.

ಎಸ್.ಎಲ್. ಭೈರಪ್ಪನವರ ‘ಭಿತ್ತಿ’ (1996) ಇದೇ ಮೈಸೂರನ್ನು ಬೇರೊಂದು ಬಾಗಿಲಿನಿಂದ ಪ್ರವೇಶಿಸುತ್ತದೆ. ಇಲ್ಲಿ ಹಸಿವು ಅಲಂಕಾರದ ಮಾತಲ್ಲ, ಕಥನದ ಯಂತ್ರವೇ ಅದು. ಪ್ಲೇಗಿನಲ್ಲಿ ತಾಯಿಯನ್ನೂ ಒಡಹುಟ್ಟಿದವರನ್ನೂ ಕಳೆದುಕೊಂಡ ಹುಡುಗ ಓದಿಗಾಗಿ ಊರಿಂದೂರಿಗೆ ಅಲೆಯುವಾಗ ಪ್ರತಿಯೊಂದು ಊರಿನ ಯೋಗ್ಯತೆಯನ್ನೂ ಅಳೆಯುವುದು ಅಲ್ಲಿ ಅನ್ನ ಹುಟ್ಟುತ್ತದೆಯೇ ಎಂಬ ಮಾನದಂಡದಿಂದ. ಶಾಲೆಯ ಗುಣಮಟ್ಟ ಎರಡನೆಯದು. ವಾರಾನ್ನವೆಂಬ ಪದ್ಧತಿಯನ್ನು ಕನ್ನಡದ ಬರಹಗಾರರು ಹಲವರು ಸ್ಮರಿಸಿದ್ದಾರೆ. ಅವರಲ್ಲಿ ಬಹಳ ಜನ ಉಣಬಡಿಸಿದ ತಾಯಂದಿರ ಔದಾರ್ಯವನ್ನು ನೆನೆದು ಕಣ್ಣು ಒದ್ದೆ ಮಾಡಿಕೊಳ್ಳುತ್ತಾರೆ. ‘ಭಿತ್ತಿ’ ಹಾಗೆ ಮಾಡುವುದಿಲ್ಲ. ಯಾವ ಮನೆಯವರು ಯಾವ ದಿನ ಬಾಗಿಲು ತೆರೆಯುತ್ತಾರೆ, ತೆರೆದಾಗ ಮುಖ ಹೇಗಿರುತ್ತದೆ, ಒಂದು ಮನೆ ತಪ್ಪಿದರೆ ಆ ದಿನ ಏನಾಗುತ್ತದೆ ಎಂಬ ಲೆಕ್ಕಾಚಾರದಲ್ಲಿ ಅವಮಾನದ ವ್ಯಾಕರಣವೇ ಅದರಲ್ಲಿ ರೂಪುಗೊಂಡಿದೆ. ಕೃತಿಯ ಬಲವಿರುವುದು ಈ ನಿರ್ಮಮತೆಯಲ್ಲಿ.

ಆದರೂ ಒಂದು ಮಾತು ಹೇಳಲೇಬೇಕು. ವಾರಾನ್ನ ಏಳು ದಿನಕ್ಕೆ ಏಳು ಮನೆಗಳ ಪದ್ಧತಿ. ಆ ಏಳೂ ಮನೆಗಳು ಒಂದೇ ಸಮುದಾಯಕ್ಕೆ ಸೇರಿರುತ್ತಿದ್ದವು. ಓದುವ ಬಡ ಬ್ರಾಹ್ಮಣ ಹುಡುಗನಿಗೆ ಪಟ್ಟಣದಲ್ಲಿ ಅಂಥ ಏಳು ಮನೆಗಳು ಸಿಕ್ಕುತ್ತಿದ್ದವು ಎಂಬುದು ಅವನ ಬಡತನದಷ್ಟೇ ನಿಜವಾದ ಸಂಗತಿ. ಅದೇ ಕಾಲದಲ್ಲಿ ಅದೇ ಪಟ್ಟಣಕ್ಕೆ ಬರಬಹುದಾಗಿದ್ದ ಹೊಲೆಯರ, ಮಾದಿಗರ ಹುಡುಗನಿಗೆ ಬೇಡುವ ಅವಮಾನವೂ ಲಭ್ಯವಿರಲಿಲ್ಲ. ‘ಭಿತ್ತಿ’ಯಲ್ಲಿ ಉಣ್ಣುವವನ ಅವಮಾನ ಮುನ್ನೆಲೆಯಲ್ಲಿದೆ, ಆ ಜಗುಲಿ ಯಾರಿಗೆ ಮುಚ್ಚಿತ್ತು ಎಂಬುದು ಹಿನ್ನೆಲೆಯಲ್ಲಿ ಉಳಿಯುತ್ತದೆ. ಒಬ್ಬ ಲೇಖಕ ತಾನು ಬದುಕಿದ್ದನ್ನು ಬರೆಯುತ್ತಾನೆಯೇ ಹೊರತು ಬದುಕದ್ದನ್ನಲ್ಲ ಎಂಬ ಸಮಾಧಾನ ಇದಕ್ಕುಂಟು. ವಿಮರ್ಶೆಗೆ ಆ ಸಮಾಧಾನ ಸಾಲದು. ಎರಡು ಬಗೆಯ ಹಸಿವುಗಳನ್ನು ಒಂದೇ ತಕ್ಕಡಿಯಲ್ಲಿ ತೂಗಿ ‘ಬಡತನಕ್ಕೆ ಜಾತಿಯಿಲ್ಲ’ ಎಂದು ತೀರ್ಮಾನಿಸಿದ ಓದುಗಳು ಕನ್ನಡದಲ್ಲಿ ಬಂದಿರುವುದರಿಂದ ಈ ಭೇದವನ್ನು ಸ್ಪಷ್ಟಪಡಿಸುವುದು ಅನಿವಾರ್ಯ.

ಭೈರಪ್ಪನವರು ತತ್ತ್ವಶಾಸ್ತ್ರವನ್ನು ಆರಿಸಿಕೊಂಡ ಬಗೆಯೂ ಇಲ್ಲಿ ಪ್ರಸ್ತುತ. ಉದ್ಯೋಗದ ಭರವಸೆಯಿಲ್ಲದ ವಿಷಯವನ್ನು ಅನ್ನವಿಲ್ಲದ ಹುಡುಗ ಆರಿಸಿಕೊಳ್ಳುತ್ತಾನೆ. ಎಳವೆಯಲ್ಲಿ ಕಂಡ ಸಾವುಗಳ ಅರ್ಥವನ್ನು ತಿಳಿಯಬೇಕೆಂಬುದು ಅವನ ಕಾರಣ. ಈ ಲೇಖನ ಪರಿಶೀಲಿಸುತ್ತಿರುವ ಆತ್ಮಕಥನಗಳಲ್ಲಿ ವಿದ್ಯೆಯ ಆಯ್ಕೆ ವಿದ್ಯೆಗಾಗಿಯೇ ನಡೆದ ಅಪರೂಪದ ಪ್ರಸಂಗವಿದು. ಮುಂದೆ ಡಾಕ್ಟರೇಟ್ ಪದವಿಗೆ ಬರೋಡದ ವಿಶ್ವವಿದ್ಯಾಲಯ ಒದಗಿದ್ದು ಮಾತ್ರ ಗುಜರಾತಿನಲ್ಲಿ ನೌಕರಿ ಸಿಕ್ಕಿದ್ದರಿಂದ. ವಿಷಯವನ್ನು ಮನಸ್ಸು ಆರಿಸಿತು, ವಿಶ್ವವಿದ್ಯಾಲಯವನ್ನು ಸಂಬಳ ಆರಿಸಿತು.

ವಾರಾನ್ನದ ಬಾಗಿಲು ಎಲ್ಲರಿಗೂ ತೆರೆದಿರಲಿಲ್ಲವೆಂಬ ಅರಿವಿನಿಂದಲೇ ಕರ್ನಾಟಕದಲ್ಲಿ ಸಮುದಾಯಗಳ ವಿದ್ಯಾರ್ಥಿನಿಲಯಗಳು ಹುಟ್ಟಿದವು. ಒಕ್ಕಲಿಗರ ಸಂಘದ ನಿಲಯಗಳು, ಧಾರವಾಡದ ಮುರುಘಾಮಠದ ಪ್ರಸಾದನಿಲಯ, ಸಿದ್ಧಗಂಗೆಯ ದಾಸೋಹ ಇವೆಲ್ಲ ಅದರ ಬೇರೆ ಬೇರೆ ರೂಪಗಳು. 1918ರಲ್ಲಿ ನೇಮಕವಾದ ಮಿಲ್ಲರ್ ಸಮಿತಿ ಮೈಸೂರು ಸಂಸ್ಥಾನದ ನೌಕರಿಗಳಲ್ಲಿ ಹಿಂದುಳಿದ ವರ್ಗಗಳ ಪ್ರಾತಿನಿಧ್ಯವನ್ನು ಪರಿಶೀಲಿಸುವ ಹೊತ್ತಿಗೆ ಹಾಸ್ಟೆಲು ಆಧುನಿಕ ರಾಜಕಾರಣದ ಒಂದು ಘಟಕವೇ ಆಗಿತ್ತು. ಇದರ ಚರಿತ್ರೆ ಪ್ರತ್ಯೇಕ ಅಧ್ಯಯನ ಬೇಡುವಂಥದು.

ಸಿದ್ಧಲಿಂಗಯ್ಯನವರ ‘ಊರುಕೇರಿ’ ಮತ್ತು ಅರವಿಂದ ಮಾಲಗತ್ತಿಯವರ ‘ಗೌರ್ಮೆಂಟ್ ಬ್ರಾಹ್ಮಣ’ (1994) ಬಂದ ಮೇಲೆ ಕನ್ನಡದಲ್ಲಿ ವಿದ್ಯಾರ್ಥಿಜೀವನದ ಕಥನವೇ ಬದಲಾಯಿತು. ಮಾಗಡಿ ಕಡೆಯ ಮಂಚನಬೆಲೆಯಿಂದ ಬೆಂಗಳೂರಿಗೆ ಬಂದ ಕುಟುಂಬದ ಹುಡುಗನಿಗೆ ಶ್ರೀರಾಂಪುರದ ಗೋಪಾಲಸ್ವಾಮಿ ಅಯ್ಯರ್ ಹಾಸ್ಟೆಲು ಓದಿನ ನೆಲೆಯಾಯಿತು. ಅಲ್ಲಿಯ ಊಟ, ಅಲ್ಲಿಯ ವಾರ್ಡನ್ನರು, ಅಲ್ಲಿಯ ಜಗಳಗಳು, ಓದಲೆಂದು ಸ್ಮಶಾನಕ್ಕೆ ಹೋಗಿ ಕೂರುವ ಅಭ್ಯಾಸ ಇವುಗಳನ್ನು ‘ಊರುಕೇರಿ’ ನಗುನಗುತ್ತ ಹೇಳುತ್ತದೆ. ಈ ನಗೆಯನ್ನು ಕುರಿತು ವಿಮರ್ಶಕರಲ್ಲಿ ಭಿನ್ನಾಭಿಪ್ರಾಯವಿದೆ. ನೋವನ್ನು ಹಗುರಗೊಳಿಸಿದರು ಎಂಬ ಆಕ್ಷೇಪ ಒಂದು ಕಡೆ. ನೋವನ್ನು ಮೀರಿದರು ಎಂಬ ಹೊಗಳಿಕೆ ಇನ್ನೊಂದು ಕಡೆ. ಇವೆರಡೂ ಹಾಸ್ಟೆಲನ್ನು ಮರೆತ ಮಾತುಗಳು. ನೂರಾರು ಹುಡುಗರು ಒಟ್ಟಿಗೆ ಉಂಡು ಒಟ್ಟಿಗೆ ಮಲಗುವ ಜಾಗದಲ್ಲಿ ಹುಟ್ಟುವ ಮಾತಿನ ಧಾಟಿ ಅದು. ಅಲ್ಲಿ ಸ್ವಂತ ಕಷ್ಟವನ್ನು ದೊಡ್ಡದು ಮಾಡಿ ಹೇಳುವಂತಿಲ್ಲ, ಕೇಳುವವನ ಕಷ್ಟವೂ ಅಷ್ಟೇ ಇರುತ್ತದೆ. ‘ಭಿತ್ತಿ’ಯ ಒಂಟಿ ಹುಡುಗ ಏಳು ಮನೆಗಳ ಮುಂದೆ ಒಬ್ಬನೇ ನಿಲ್ಲುತ್ತಾನೆ. ಆದ್ದರಿಂದಲೇ ಅವನ ಗದ್ಯ ಬಿಗಿದುಕೊಂಡಿದೆ. ‘ಊರುಕೇರಿ’ಯ ಹುಡುಗ ಪಂಕ್ತಿಯಲ್ಲಿ ಕೂತಿದ್ದಾನೆ, ಅವನ ಗದ್ಯ ಗುಂಪಿನ ಗದ್ಯ. ವ್ಯಕ್ತಿತ್ವದ ವ್ಯತ್ಯಾಸವೆಂದು ಹೇಳಲಾಗುವುದರಲ್ಲಿ ಅರ್ಧ ಪಾಲು ವಸತಿಯ ವ್ಯತ್ಯಾಸವಿದೆ.

1973ರ ನವೆಂಬರಿನಲ್ಲಿ ಸಚಿವ ಬಿ. ಬಸವಲಿಂಗಪ್ಪನವರು ಮೈಸೂರಿನಲ್ಲಿ ಕನ್ನಡ ಸಾಹಿತ್ಯದ ಬಹುಭಾಗ ಬೂಸಾ ಎಂಬರ್ಥದ ಮಾತನಾಡಿದ ಬಳಿಕ ನಡೆದ ಗಲಭೆಗಳಲ್ಲಿ ದಲಿತ ವಿದ್ಯಾರ್ಥಿಗಳ ಹಾಸ್ಟೆಲುಗಳು ದಾಳಿಗೆ ಗುರಿಯಾದವು. ಸಾಹಿತ್ಯಚರಿತ್ರೆಗಳಲ್ಲಿ ಈ ಪ್ರಕರಣ ದಲಿತ–ಬಂಡಾಯ ಚಳವಳಿಯ ಹಿನ್ನೆಲೆಯಾಗಿ ಬರುತ್ತದೆ, ಸಾಹಿತ್ಯದ ಮೌಲ್ಯವನ್ನು ಕುರಿತ ವಾಗ್ವಾದವೆಂಬಂತೆ ವಿವರಿಸಲ್ಪಡುತ್ತದೆ. ಪಂಪ, ಕುಮಾರವ್ಯಾಸರ ಗೌರವಕ್ಕಾಗಿ ಹೊರಟವರೆನಿಸಿಕೊಂಡವರು ಹೋಗಿ ತಟ್ಟಿದ್ದು ಹಾಸ್ಟೆಲಿನ ಬಾಗಿಲನ್ನು ಎಂಬ ಸರಳ ಸಂಗತಿಗೆ ಸಿಗಬೇಕಾದ ಒತ್ತು ಸಿಕ್ಕಿಲ್ಲ. ಸಿಟ್ಟು ಸಚಿವರ ಮಾತಿನ ಮೇಲಿತ್ತು, ಏಟು ಬಿದ್ದದ್ದು ವಿದ್ಯಾರ್ಥಿಗಳ ಮೇಲೆ. ವಿಶ್ವವಿದ್ಯಾಲಯದ ವ್ಯಾಪ್ತಿಯೊಳಗೆ ಈ ಹುಡುಗರು ಇರಬೇಕೇ ಎಂಬ ಪ್ರಶ್ನೆಯನ್ನೇ ಆ ಏಟು ಕೇಳುತ್ತಿತ್ತು. ಆಗಿನ್ನೂ ವಿದ್ಯಾರ್ಥಿಯಾಗಿದ್ದ ಸಿದ್ಧಲಿಂಗಯ್ಯನವರು ಬಸವಲಿಂಗಪ್ಪನವರ ಪರವಾಗಿ ನಿಂತರು. 1975ರಲ್ಲಿ ಪ್ರಕಟವಾದ ‘ಹೊಲೆಮಾದಿಗರ ಹಾಡು’ ಎಂ.ಎ. ವಿದ್ಯಾರ್ಥಿಯೊಬ್ಬನ ಸಂಕಲನ. ಜ್ಞಾನಭಾರತಿಯಲ್ಲಿ ಜಿ.ಎಸ್. ಶಿವರುದ್ರಪ್ಪನವರ ತರಗತಿ, ಡಿ.ಆರ್. ನಾಗರಾಜರ ಗೆಳೆತನ ಆ ಕವಿಗೆ ಕೊಟ್ಟದ್ದು ಸಣ್ಣದಲ್ಲ. ಆದರೆ ಹಲವು ಕೊರಳುಗಳು ಒಟ್ಟಿಗೆ ಹಾಡಬಹುದಾದ ಆ ಪದ್ಯಗಳ ರಚನೆ ತರಗತಿಯಲ್ಲಿ ಕಲಿತದ್ದಲ್ಲ.

ಮಾಲಗತ್ತಿಯವರ ಕೃತಿಯ ಶೀರ್ಷಿಕೆಯೇ ಒಂದು ವಾದ. ಸರ್ಕಾರದ ವಿದ್ಯಾರ್ಥಿವೇತನ, ಹಾಸ್ಟೆಲು, ಮೀಸಲಾತಿ ಪಡೆಯುವ ದಲಿತನನ್ನು ಹಂಗಿಸಲು ಬಳಕೆಯಾಗುತ್ತಿದ್ದ ಮಾತನ್ನು ಲೇಖಕ ತನ್ನ ಹೆಸರುಫಲಕವಾಗಿ ಎತ್ತಿಕೊಂಡಿದ್ದಾನೆ. ಹಂಗಿಸುವವನ ತರ್ಕ ಹೀಗಿದೆ: ಹಿಂದೆ ಬ್ರಾಹ್ಮಣನನ್ನು ಸಮಾಜ ಪುಕ್ಕಟೆಯಾಗಿ ಸಾಕುತ್ತಿತ್ತು, ಈಗ ನಿಮ್ಮನ್ನು ಸರ್ಕಾರ ಸಾಕುತ್ತದೆ. ಈ ಮಾತಿನೊಳಗೆ ತಾನೇ ಬಯಸದ ಒಂದು ಒಪ್ಪಿಗೆ ಅಡಗಿದೆ. ಓದುವವನನ್ನು ಯಾರಾದರೂ ಸಾಕಲೇಬೇಕು, ಹಿಂದಿನಿಂದಲೂ ಸಾಕುತ್ತ ಬಂದಿದ್ದಾರೆ ಎಂಬ ಒಪ್ಪಿಗೆ. ವಾರಾನ್ನದ ಏಳು ಮನೆಗಳ ಜಾಗಕ್ಕೆ ಪ್ರಭುತ್ವ ಬಂದು ನಿಂತಾಗ ಉಂಡವನ ಋಣದ ಸ್ವರೂಪ ಬದಲಾಯಿತು. ದಾನವಾಗಿದ್ದದ್ದು ಹಕ್ಕಾಯಿತು. ದಾನ ಪಡೆದವನನ್ನು ಸಮಾಜ ಹರಸಿತು, ಹಕ್ಕು ಪಡೆದವನನ್ನು ಹಂಗಿಸಿತು. ಇಡೀ ಬದುಕನ್ನು ಅನುಕ್ರಮವಾಗಿ ಹೇಳುವ ಗೋಜಿಗೆ ಹೋಗದೆ ಬಿಡಿ ಪ್ರಸಂಗಗಳಾಗಿ ಒಡೆದು ಹೇಳುವ ಈ ಕೃತಿಯ ಕ್ರಮಕ್ಕೂ ಈ ಹಂಗಿಕೆಗೂ ಸಂಬಂಧವಿದೆ. ಅವಮಾನಗಳು ಬೆಳವಣಿಗೆಯ ಕಥೆಯಾಗಿ ಜೋಡಣೆಗೊಳ್ಳಲು ಒಪ್ಪುವುದಿಲ್ಲ. ಪ್ರತಿಯೊಂದೂ ಬೇರೆ ಬೇರೆಯಾಗಿಯೇ ನಿಲ್ಲುತ್ತದೆ. ಕೆಲವು ಪ್ರಸಂಗಗಳು ಬೇಗ ಮುಗಿದುಹೋದವೆಂಬ ಅತೃಪ್ತಿ ಓದುಗನಲ್ಲಿ ಉಳಿಯುವುದೂ ನಿಜ.

ವಿಶ್ವವಿದ್ಯಾಲಯವನ್ನೇ ಬಿಟ್ಟು ಹೋದವರ ಮಾತು ಇಲ್ಲಿ ಬರಬೇಕು. ಶಿವರಾಮ ಕಾರಂತರು ಗಾಂಧೀಜಿಯವರ ಅಸಹಕಾರದ ಕರೆಗೆ ಓಗೊಟ್ಟು ಮಂಗಳೂರಿನ ಕಾಲೇಜನ್ನು ತೊರೆದರು. ‘ಹುಚ್ಚು ಮನಸ್ಸಿನ ಹತ್ತು ಮುಖಗಳು’ ಈ ತ್ಯಾಗವನ್ನು ತ್ಯಾಗವೆಂದು ಮೆರೆಸುವುದಿಲ್ಲ. ಕಾಲೇಜು ಅದರಲ್ಲಿ ದಾರಿಯ ಬದಿಯ ಒಂದು ಕಟ್ಟಡ ಅಷ್ಟೆ. ಮುಂದೆ ಹಲವು ವಿಶ್ವವಿದ್ಯಾಲಯಗಳು ಅವರಿಗೆ ಗೌರವ ಡಾಕ್ಟರೇಟ್ ನೀಡಿದವು. ಬಿಡುವ ಸ್ವಾತಂತ್ರ್ಯವೂ ಒಂದು ಬಗೆಯ ಆಯ್ಕೆಯೇ. ಸೇರಲು ಅವಕಾಶವಿದ್ದವನಿಗೆ ಮಾತ್ರ ಅದು ದೊರೆಯುತ್ತದೆ.

ಸಮುದ್ರದಾಚೆಯ ವಿಶ್ವವಿದ್ಯಾಲಯಗಳ ಕಥೆಯೂ ಇದಕ್ಕಿಂತ ಬಹಳ ಭಿನ್ನವಲ್ಲ. ವಿ.ಕೃ. ಗೋಕಾಕರು ಧಾರವಾಡದಿಂದ ಆಕ್ಸ್‌ಫರ್ಡಿಗೆ ಹೋಗಿ 1938ರಲ್ಲಿ ಪದವಿ ಪಡೆದರು. ಯು.ಆರ್. ಅನಂತಮೂರ್ತಿಯವರು ಕಾಮನ್‌ವೆಲ್ತ್ ವಿದ್ಯಾರ್ಥಿವೇತನದ ಮೇಲೆ ಬರ್ಮಿಂಗ್‌ಹ್ಯಾಮಿಗೆ ಹೋಗಿ 1966ರಲ್ಲಿ ಡಾಕ್ಟರೇಟ್ ಪಡೆದರು. ‘ಸಂಸ್ಕಾರ’ ಬರೆದದ್ದು ಅಲ್ಲಿ. ಅಡಿಬರಹಗಳಿಲ್ಲದ ಬರ್ಗಮನ್ನನ ಚಿತ್ರವೊಂದನ್ನು ನೋಡಿದ ಅನುಭವ ಆ ಕಾದಂಬರಿಗೆ ಪ್ರೇರಣೆಯಾದದ್ದನ್ನು ಅವರು ಹಲವೆಡೆ ಹೇಳಿಕೊಂಡಿದ್ದಾರೆ. ‘ಸುರಗಿ’ (2012) ಓದುವಾಗ ಎದ್ದುಕಾಣುವುದು ಮೈಸೂರಿನ ಕಾಫಿ ಹೋಟೆಲುಗಳ ಮಾತುಕತೆಗೂ ಬರ್ಮಿಂಗ್‌ಹ್ಯಾಮಿನ ಏಕಾಂತಕ್ಕೂ ಇರುವ ಅಂತರ. ಅಗ್ರಹಾರದ ಕಥೆಯನ್ನು ಬರೆಯಲು ಆ ಏಕಾಂತ ಬೇಕಾಗಿತ್ತು ಎಂಬುದು ಸರಿ. ಹೊಟ್ಟೆಯ ಚಿಂತೆಯಿಲ್ಲದಂತೆ ಮಾಡುವ ವಿದ್ಯಾರ್ಥಿವೇತನವೂ ಬೇಕಾಗಿತ್ತು.

ಇಲ್ಲಿಯವರೆಗೆ ಚರ್ಚಿಸಿದ ಕೃತಿಗಳಲ್ಲಿ ಉಣ್ಣುವವರು, ಅಲೆಯುವವರು, ಹಾಸ್ಟೆಲಿನಲ್ಲಿ ಮಲಗುವವರು ಎಲ್ಲರೂ ಗಂಡುಮಕ್ಕಳೇ. ವಾರಾನ್ನದಲ್ಲಿ ಹೆಣ್ಣುಮಕ್ಕಳಿಗಿದ್ದ ಪಾತ್ರ ಬಡಿಸುವುದು. ವಿದ್ಯಾರ್ಥಿನಿಯ ಬದುಕನ್ನು ಕನ್ನಡದಲ್ಲಿ ಮೊದಲಿಗೆ ಸಾಂದ್ರವಾಗಿ ಕಟ್ಟಿಕೊಟ್ಟ ಕೃತಿಗಳಲ್ಲಿ ಒಂದು ಆತ್ಮಕಥನವಲ್ಲ, ಕಾದಂಬರಿ. ಅದನ್ನು ಬರೆದವರೂ ಪುರುಷರೇ. ಭೈರಪ್ಪನವರ ‘ವಂಶವೃಕ್ಷ’ (1965)ದ ಕಾತ್ಯಾಯನಿ ವಿಧವೆಯಾದ ಬಳಿಕ ಓದು ಮುಂದುವರಿಸಲು ನಂಜನಗೂಡಿನಿಂದ ಮೈಸೂರಿಗೆ ದಿನವೂ ರೈಲಿನಲ್ಲಿ ಓಡಾಡುತ್ತಾಳೆ. ಅವಳಿಗೆ ಬೇಕಾದದ್ದು ಹಣವಲ್ಲ, ಅನ್ನವಲ್ಲ, ಅನುಮತಿ. ಅತ್ತೆ ಭಾಗೀರಥಮ್ಮನ ಅಸಮಾಧಾನದ ನಡುವೆ ಮಾವ ಶ್ರೀನಿವಾಸ ಶ್ರೋತ್ರಿಗಳು ಅದನ್ನು ಕೊಡುತ್ತಾರೆ. ಕಾದಂಬರಿಯ ಅತ್ಯಂತ ಜೀವಂತ ಪುಟಗಳಲ್ಲಿ ಈ ರೈಲಿನ ಪುಟಗಳೂ ಸೇರಿವೆ. ಮನೆಯೂ ಅಲ್ಲದ ಕಾಲೇಜೂ ಅಲ್ಲದ ಆ ಅವಧಿಯಲ್ಲಿ ಅವಳು ಸೊಸೆಯೂ ಅಲ್ಲ, ವಿಧವೆಯೂ ಅಲ್ಲ. ಹಾಸ್ಟೆಲು ಸಿಕ್ಕದ ವಿದ್ಯಾರ್ಥಿನಿಗೆ ರೈಲುಡಬ್ಬಿಯೇ ಹಾಸ್ಟೆಲು. ಆದರೆ ಕಾದಂಬರಿಯ ವಿನ್ಯಾಸ ಈ ಸ್ವಾತಂತ್ರ್ಯವನ್ನು ಬಹಳ ಹೊತ್ತು ಸಹಿಸುವುದಿಲ್ಲ. ಕಾಲೇಜಿನಲ್ಲಿ ಅಧ್ಯಾಪಕ ರಾಜನೊಡನೆ ಬೆಳೆದ ಪ್ರೀತಿ, ಮರುಮದುವೆ, ಮಗನಿಂದ ಅಗಲಿಕೆ, ಗರ್ಭಪಾತಗಳು, ಸಾವು ಎಂಬ ಅನುಕ್ರಮದಲ್ಲಿ ಕಾಲೇಜು ವಂಶದ ಕೊಂಬೆ ಮುರಿಯುವ ಬಾಗಿಲಾಗುತ್ತದೆ. ಲೇಖಕರ ಸಹಾನುಭೂತಿ ಕಾತ್ಯಾಯನಿಯ ಜೊತೆಗಿದೆ, ವಿನ್ಯಾಸ ಅವಳ ಎದುರಿಗಿದೆ.

ಅದೇ ಕಾದಂಬರಿಯ ಕರುಣರತ್ನೆ ಸಿಂಹಳದಿಂದ ಮೈಸೂರಿಗೆ ಬರುವುದು ಇತಿಹಾಸಕಾರ ಸದಾಶಿವರಾಯರ ಬಳಿ ಸಂಶೋಧನೆ ನಡೆಸಲು. ಒಬ್ಬ ಗುರುವನ್ನು ನೋಡಿ ವಿಶ್ವವಿದ್ಯಾಲಯವನ್ನು ಆರಿಸಿಕೊಳ್ಳುವ, ಶ್ರೇಯಾಂಕಪಟ್ಟಿಗಳು ಎಲ್ಲರಿಗೂ ಲಭ್ಯವೆಂದು ಇಂದು ಭಾವಿಸಿರುವ ಬಗೆಯ ಆಯ್ಕೆ ಅವಳದು. ಅಂಥ ಆಯ್ಕೆಯನ್ನು ಕಾದಂಬರಿಕಾರರು ಕೊಟ್ಟದ್ದು ಹೊರದೇಶದ ಹೆಣ್ಣಿಗೆ. ಕನ್ನಡ ನಾಡಿನ ಹೆಣ್ಣಿಗೆ ಕೊಟ್ಟಿದ್ದರೆ 1965ರ ಓದುಗ ನಂಬುತ್ತಿರಲಿಲ್ಲವೋ ಏನೋ.

ಹೆಣ್ಣುಮಕ್ಕಳೇ ಬರೆದ ಕಥನಗಳಲ್ಲಿ ಕಾಲೇಜು ಬೇರೆ ಬಗೆಯಲ್ಲಿ ಬರುತ್ತದೆ. ವೈದ್ಯಕೀಯ ಓದಿದ ಅನುಪಮಾ ನಿರಂಜನ ಅವರ ‘ನೆನಪು: ಸಿಹಿ-ಕಹಿ’ಯಲ್ಲಿ ಓದು ವೃತ್ತಿಯ ದಾರಿ, ಅದರ ಬಗ್ಗೆ ಅವರಿಗೆ ಭಾವುಕತೆಯಿಲ್ಲ. ಮಾನಸಗಂಗೋತ್ರಿಯಲ್ಲಿ ತತ್ತ್ವಶಾಸ್ತ್ರ ಓದುತ್ತಿದ್ದ ರಾಜೇಶ್ವರಿ ತೇಜಸ್ವಿಯವರ ‘ನನ್ನ ತೇಜಸ್ವಿ’ಯಲ್ಲಿ 1960ರ ದಶಕದ ಮೈಸೂರಿನ ಹುಡುಗಿಯೊಬ್ಬಳ ದಿನಗಳು ಬಹಳ ಆಪ್ತವಾಗಿ ಮೂಡಿವೆ. ಆದರೆ ಅದು ಗಂಡನ ಹೆಸರಿನ ಪುಸ್ತಕ. ಅಲ್ಲಿನ ವಿದ್ಯಾರ್ಥಿನಿ ಆತನ ಪತ್ರಗಳ ನಡುವಿನ ಬಿಡುವಿನಲ್ಲಿ ಇಣುಕುತ್ತಾಳೆ. ತತ್ತ್ವಶಾಸ್ತ್ರವನ್ನೇ ಆಕೆ ಆರಿಸಿಕೊಂಡದ್ದರ ಕಥೆ, ಕುವೆಂಪು, ಭೈರಪ್ಪನವರು ತಮ್ಮ ಆಯ್ಕೆಗೆ ಕೊಟ್ಟಷ್ಟು ಪುಟಗಳನ್ನು ಪಡೆದಿದ್ದರೆ ಕನ್ನಡಕ್ಕೆ ಇನ್ನೊಂದು ಅಪೂರ್ವ ದಾಖಲೆ ದೊರೆಯುತ್ತಿತ್ತು.

ಕಾಸರಗೋಡಿನ ಸಾರಾ ಅಬೂಬಕ್ಕರ್ ಅವರ ‘ಹೊತ್ತು ಕಂತುವ ಮುನ್ನ’ ಈ ಸಾಲಿನ ಕೊನೆಗೆ ನಿಲ್ಲುವ ಕೃತಿ. ಓದಬೇಕೆಂಬ ಆಸೆಯಿದ್ದೂ ಸಮುದಾಯದ ಕಟ್ಟಳೆಗಳಿಂದಾಗಿ ಉನ್ನತ ವ್ಯಾಸಂಗ ಕೈತಪ್ಪಿದ ಹೆಣ್ಣೊಬ್ಬಳ ಆತ್ಮಕಥನವದು. ಹಾಸ್ಟೆಲು, ತರಗತಿ, ಗುರು, ಗೆಳೆಯರು ಎಂಬ ಅಧ್ಯಾಯಗಳೆಲ್ಲ ಬೇರೆ ಆತ್ಮಕಥನಗಳಲ್ಲಿ ಎಲ್ಲಿ ಬರುತ್ತವೆಯೋ ಅಲ್ಲಿ ಇಲ್ಲಿ ಮದುವೆ ಮತ್ತು ಮಕ್ಕಳು ಬರುತ್ತಾರೆ. ವಿದ್ಯಾರ್ಥಿಜೀವನದ ಅಧ್ಯಯನಕ್ಕೆ ಈ ಕೃತಿಯನ್ನು ಆಕರವಾಗಿ ಬಳಸುವುದು ವಿಚಿತ್ರವೆನಿಸಬಹುದು. ಆದರೆ ಗ್ರಂಥಾಲಯವೊಂದರ ಸದಸ್ಯತ್ವ ದೊರೆತದ್ದೇ 1963ರಲ್ಲಿ, ಇಪ್ಪತ್ತೇಳರ ಆಸುಪಾಸಿನ ವಯಸ್ಸಿನಲ್ಲಿ, ಎಂದು ನೆನೆಯುವ ಲೇಖಕಿಯ ಮಟ್ಟಿಗೆ ಸೇರಿದ ವಿಶ್ವವಿದ್ಯಾಲಯ ಯಾವುದು ಎಂಬ ಪ್ರಶ್ನೆಗೆ ಆ ಸದಸ್ಯತ್ವದ ಚೀಟಿಯೇ ಉತ್ತರ.